ಸುಟ್ಟ ಮೇಲೂ ಉಳಿಯುವುದು ಯಾವುದು?

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ನಮ್ಮ ಬಾಯಿಗೆ ಬರುವುದು ಬಹುಮಟ್ಟಿಗೆ ಯಾರನ್ನಾದರೂ ಬೈಯುವಾಗ. ಒಬ್ಬನ ಜಿಪುಣತನ ಮತ್ತೆ ಕಂಡರೆ ಈ ಮಾತು ನೆನಪಾಗುತ್ತದೆ, ಔದಾರ್ಯ ಮತ್ತೆ ಕಂಡರೆ ಆಗುವುದಿಲ್ಲ. ಬೈಗುಳವನ್ನು ಬದಿಗಿಟ್ಟು ನೋಡಿದರೆ ಇದು ಮನುಷ್ಯಸ್ವಭಾವದ ಬಗ್ಗೆ ಒಂದು ಸಿದ್ಧಾಂತವೇ. ಮಧ್ವಮತದಲ್ಲಿ ಇದಕ್ಕೆ ಹತ್ತಿರದ ಶಾಸ್ತ್ರವಿದೆ: ಜೀವರಲ್ಲಿ ಸ್ವರೂಪದಿಂದಲೇ ತಾರತಮ್ಯವುಂಟು, ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಭೇದ ಸಾಧನೆಯಿಂದ ಅಳಿಯುವುದಿಲ್ಲ.

1965ರಲ್ಲಿ ಬಂದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಇದೇ ಮತದ ಅಗ್ರಹಾರವೊಂದರ ಕಥೆ, ಮತ್ತು ಅದು ನಿಂತಿರುವುದೇ ಸುಡುವ ಪ್ರಶ್ನೆಯ ಮೇಲೆ. ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣಕ್ಕೆ ಸಂಸ್ಕಾರ ಮಾಡಬೇಕಾದವರು ಯಾರು? ಗಾದೆಗೆ ತಕ್ಕ ಪಾತ್ರ ಇವನೇ, ಕೊನೆತನಕ ಬದಲಾಗದವನು. (ಅಂಥವನನ್ನು ಲೇಖಕರು ಮೊದಲ ಪುಟಗಳಲ್ಲೇ ಹೆಣವಾಗಿಸಿದ್ದಾರೆ ಎಂಬುದು ಗಮನಿಸಬೇಕಾದ ಮಾತು.) ಗಾದೆ ತಡವರಿಸುವುದು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಮುಂದೆ. ಉತ್ತರ ಬೇಡಿ ಮಾರುತಿಯ ಗುಡಿಗೆ ಹೋದವರು ಬರಿಗೈಯಲ್ಲಿ ಮರಳುವಾಗ, ಕಾಡಿನ ಕತ್ತಲಲ್ಲಿ ನಾರಣಪ್ಪ ಇಟ್ಟುಕೊಂಡಿದ್ದ ಚಂದ್ರಿಯನ್ನು ಕೂಡುತ್ತಾರೆ. ವೇದಾಂತಶಿರೋಮಣಿಯ ಹುಟ್ಟುಗುಣ ಯಾವುದು, ಇಪ್ಪತ್ತು ವರ್ಷದ ವ್ರತವೋ ಆ ಒಂದು ರಾತ್ರಿಯೋ?

ರಾತ್ರಿಯೇ ನಿಜ, ವ್ರತವೆಲ್ಲ ಅದುಮಿಟ್ಟ ಆಸೆಯ ಮೇಲಿನ ಮುಚ್ಚಳ ಎನ್ನುವವರಿದ್ದಾರೆ. ಅದಕ್ಕೆ ಕಾದಂಬರಿಯಲ್ಲಿ ಪುರಾವೆಯೂ ಸಿಗುತ್ತದೆ. ಆಚಾರ್ಯರು ರಸವತ್ತಾಗಿ ಶಕುಂತಲೆಯನ್ನು ವರ್ಣಿಸುತ್ತಾರೆ. ಕೇಳಿದ ಅಗ್ರಹಾರದ ತರುಣ ಶ್ರೀಪತಿ ಎದ್ದು ದಲಿತ ಹೆಣ್ಣು ಬೆಳ್ಳಿಯ ಬಳಿಗೆ ಹೋಗುತ್ತಾನೆ. ರೋಗಿಷ್ಠೆ ಭಾಗೀರಥಿಯನ್ನು ಬೇಕೆಂದೇ ಮದುವೆಯಾಗಿ ಅವಳ ಸೇವೆಯನ್ನು ಮೋಕ್ಷದ ಮೆಟ್ಟಿಲಾಗಿಸಿಕೊಂಡುದರಲ್ಲೂ ಒಂದು ಲೆಕ್ಕಾಚಾರವಿದೆ. ಆದರೆ ಇದರಿಂದ ತಿಳಿಯುವುದು ವ್ರತ ಸುಳ್ಳೆಂದಲ್ಲ, ಎರಡೂ ಒಟ್ಟಿಗೇ ಇದ್ದವೆಂದು. ‘ಗುಣ’ಕ್ಕೆ ಸಂಸ್ಕೃತದಲ್ಲಿ ಹಗ್ಗದ ಎಳೆ ಎಂಬ ಅರ್ಥವೂ ಇದೆ; ಸಾಂಖ್ಯರ ಮೂರು ಗುಣಗಳಲ್ಲಿ ಯಾವುದೂ ಒಂಟಿಯಾಗಿ ನಿಲ್ಲುವುದಿಲ್ಲ. ಗಾದೆಯ ‘ಗುಣ’ವನ್ನು ಈ ಹೊಸೆದ ಹಗ್ಗವೆಂದು ಓದಿದರೆ ಆಚಾರ್ಯರು ಅರ್ಥವಾಗುತ್ತಾರೆ, ಒಂದೇ ಎಳೆಯೆಂದು ಓದಿದರೆ ಆಷಾಢಭೂತಿಯಾಗಿಬಿಡುತ್ತಾರೆ.

ಹಗ್ಗದ ಮಾತೂ ಪೂರ್ತಿ ಸಾಲದು. ಕೂಡಿದ್ದೇ ಕಥೆಯ ತಿರುಳಾಗಿದ್ದರೆ ಅದು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದೆ, ಸತ್ತ ಹೆಂಡತಿಯನ್ನು ಸುಟ್ಟು ಊರು ಬಿಟ್ಟ ಆಚಾರ್ಯರು ದಾರಿಯುದ್ದಕ್ಕೂ ಕೇಳಿಕೊಳ್ಳುವುದು, ಅದನ್ನು ನಾನು ಮಾಡಿದೆನೋ, ಅದು ತಾನಾಗಿ ಆಯಿತೋ ಎಂದು. ಮನುಷ್ಯ ಮೊದಲು ಇರುತ್ತಾನೆ, ತಾನೇನೆಂಬುದನ್ನು ಆಮೇಲೆ ತನ್ನ ಕೃತ್ಯಗಳಿಂದ ರೂಪಿಸಿಕೊಳ್ಳುತ್ತಾನೆ ಎಂದ ಸಾರ್ತ್ರ್‌ನ ನೆರಳು ಇಲ್ಲಿದೆ. ಹುಟ್ಟಿನಿಂದ ಬಂದ ಎಳೆಗಳನ್ನು ಆಚಾರ್ಯರು ಆರಿಸಿಕೊಳ್ಳಲಿಲ್ಲ, ನಿಜ. ನಡೆದುಹೋದದ್ದನ್ನು ನನ್ನದು ಎನ್ನಬೇಕೋ ಬೇಡವೋ ಎಂಬುದಷ್ಟೇ ಅವರ ಕೈಯಲ್ಲಿದೆ.

ಪಾತ್ರವೆಂದರೆ ಲೇಖಕ ಆಡಿಸಿದಂತೆ ಆಡುವ ಗೊಂಬೆ, ಅದಕ್ಕೇಕೆ ಇಷ್ಟು ತತ್ತ್ವ ಎನ್ನಬಹುದು. ಲೇಖಕ ಏನು ಬೇಕಾದರೂ ಬರೆಯಬಲ್ಲ, ಆದರೆ ಬರೆದದ್ದನ್ನೆಲ್ಲ ನಾವು ನಂಬುವುದಿಲ್ಲ. ಯಾವ ನಡೆ ಯಾರಿಗೆ ಒಪ್ಪುತ್ತದೆಂದು ಅಳೆಯುವ ನಮ್ಮ ಔಚಿತ್ಯಪ್ರಜ್ಞೆಯೊಳಗೆ ಸ್ವಭಾವದ ತತ್ತ್ವವೊಂದು ಆಗಲೇ ಕೂತಿರುತ್ತದೆ. ಚಂದ್ರಿಯನ್ನೇ ನೋಡಿ. ಅವಳಿಗೆ ಪಶ್ಚಾತ್ತಾಪವಿಲ್ಲ, ತರ್ಕವಿಲ್ಲ. ಬ್ರಾಹ್ಮಣರು ಶಾಸ್ತ್ರ ಹುಡುಕುತ್ತಿರುವಾಗ ಮುಸಲ್ಮಾನನೊಬ್ಬನ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿ ಹೊರಟುಹೋಗುತ್ತಾಳೆ, ನಮಗದು ಸಹಜವೆನಿಸುತ್ತದೆ. ಇದೇ ನಿರಾಳತೆ ಆಚಾರ್ಯರಿಗೆ ಬಂದಿದ್ದರೆ ನಂಬುತ್ತಿರಲಿಲ್ಲ. ನಾರಣಪ್ಪ ಬೂದಿಯಾಗಿದ್ದಾನೆಂದು ತಿಳಿಯದೆಯೇ, ಎಲ್ಲ ಹೇಳಿಬಿಡಬೇಕೆಂದು ಅವರು ತಮ್ಮ ಅಗ್ರಹಾರವಾದ ದೂರ್ವಾಸಪುರದತ್ತ ಹೊರಡುತ್ತಾರೆ. ಊರು ಮುಟ್ಟುವ ಮೊದಲೇ ಕಾದಂಬರಿ ನಿಂತುಬಿಡುತ್ತದೆ.