ಬಿತ್ತುವವನ ಅರಿವು

ಬಿತ್ತುವುದು ಕಾಯಕ. ಅದು ಅರಿವಿನೊಡನೆ ಕೂಡಿದಾಗಲೇ ಪೂಜೆಯೆನಿಸುವುದು. ತಾನು ಏನನ್ನು ಬಿತ್ತುತ್ತಿರುವೆನೆಂಬುದನ್ನು ಅರಿಯದವನ ದುಡಿಮೆ ಪರರ ಕೈಯ ಉಪಕರಣವಾಗುವುದು. ಈ ಮಾತನ್ನು ಮಸ್ಕಿ, ಸಿಂಧನೂರು ಸೀಮೆಯ ಎರೆಹೊಲಗಳಲ್ಲಿಯೇ ಒರೆಹಚ್ಚಿ ನೋಡಬಹುದು.

1998ರ ನವೆಂಬರಿನಲ್ಲಿ ಸಿಂಧನೂರಿನ ಕಡೆ ಪ್ರಯೋಗಕ್ಕಾಗಿ ಬೆಳೆಸಿದ್ದ ಬಿ.ಟಿ. ಹತ್ತಿಯನ್ನು ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದವರು ಕಿತ್ತು ಸುಟ್ಟರು. ಮಣ್ಣಿನ ಒಂದು ಸೂಕ್ಷ್ಮಜೀವಿಯ ವಂಶವಾಹಿಯನ್ನು ಸೇರಿಸಿ, ಕಾಯಿಕೊರಕ ಹುಳುವಿಗೆ ಮಾರಕವಾದ ವಿಷವನ್ನು ಗಿಡವೇ ಉತ್ಪತ್ತಿ ಮಾಡುವಂತೆ ರೂಪಿಸಿದ ತಳಿಯದು. ಹೊಲದೊಡೆಯನಿಗೆ ಬೀಜದ ಸ್ವರೂಪವನ್ನೇ ತಿಳಿಸಿರಲಿಲ್ಲವೆಂಬುದು ಸಂಘದ ಆರೋಪವಾಗಿತ್ತು. ಬೀಜವು ಹಿತವೋ ಅಹಿತವೋ ಎಂಬುದು ವಿಜ್ಞಾನದ ಪ್ರಶ್ನೆ. ಹೇಳದೆ ಬಿತ್ತಿಸಬಹುದೇ ಎಂಬುದು ಧರ್ಮದ ಪ್ರಶ್ನೆ. ಮೊದಲನೆಯದಕ್ಕೆ ಅನುಕೂಲವಾದ ಉತ್ತರ ದೊರೆತರೂ ಎರಡನೆಯದು ಹಾಗೆಯೇ ಉಳಿಯುತ್ತದೆ.

ಕಾನೂನು ಈ ಧರ್ಮವನ್ನು ತಕ್ಕಮಟ್ಟಿಗೆ ಒಪ್ಪಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮದ 39ನೆಯ ಪ್ರಕರಣವು, ಬೆಳೆದ ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜ ಎಷ್ಟು ಫಲ ಕೊಡಬಲ್ಲುದೆಂದು ತಳಿಕಾರನು ಮೊದಲೇ ತಿಳಿಸಬೇಕು. ಅದು ಹುಸಿಯಾದರೆ ರೈತನು ಪರಿಹಾರ ಕೇಳಬಹುದು. ಆದರೆ ಸಂಕರ ಹತ್ತಿಯ ಬೀಜ ಮರುವರ್ಷ ಅದೇ ಬೆಳೆಯನ್ನು ಕೊಡದು. ಹಕ್ಕು ಕಾಗದದಲ್ಲಿರುವುದು, ರೈತನು ಪ್ರತಿವರ್ಷವೂ ಅಂಗಡಿಯ ಬಾಗಿಲಲ್ಲಿರುವನು.

ಇಷ್ಟಕ್ಕೆ ದೋಷವೆಲ್ಲ ಮಾರುವವನದೇ ಎನ್ನುವಂತಿಲ್ಲ. 2002ರಲ್ಲಿ ಕೇಂದ್ರ ಸರಕಾರ ಬಿ.ಟಿ. ಹತ್ತಿಗೆ ಅನುಮತಿಯಿತ್ತಾಗ, ಹೊಲದ ಸುತ್ತ ಐದು ಸಾಲು ಅಥವಾ ನೂರಕ್ಕೆ 20 ಭಾಗ, ಯಾವುದು ಹೆಚ್ಚೋ ಅಷ್ಟು, ಸಾದಾ ಹತ್ತಿಯನ್ನು ಬೆಳೆಯಬೇಕೆಂದು ವಿಧಿಸಿತ್ತು. ಅಲ್ಲಿ ಬದುಕಿದ ಹುಳುಗಳು, ವಿಷವನ್ನು ಗೆದ್ದ ಹುಳುಗಳೊಡನೆ ಕೂಡಿದರೆ ಆ ಗೆಲುವು ಸಂತತಿಯಲ್ಲಿ ಬೇಗ ಬಲಿಯದು. ಅದಕ್ಕೆಂದೇ 450 ಗ್ರಾಂ ಬೀಜದ ಜೊತೆಗೆ 120 ಗ್ರಾಂ ಸಾದಾ ಬೀಜದ ಪೊಟ್ಟಣವಿರುತ್ತಿತ್ತು. ಅನೇಕರು ಲಾಭ ಕಡಮೆಯಾದೀತೆಂದು ಅದನ್ನು ಬಿತ್ತಲಿಲ್ಲ. ಮುಂದೆ ಗುಲಾಬಿ ಕಾಯಿಕೊರಕವು ಎರಡು ವಂಶವಾಹಿಗಳ ತಳಿಯನ್ನೂ ಜಯಿಸಿತು. ಇದಕ್ಕೆ ಇತರ ಕಾರಣಗಳೂ ಉಂಟು. ಆದರೆ ಒಬ್ಬನು ಬಿಟ್ಟ ಐದು ಸಾಲಿನ ಫಲವನ್ನು ನೆರೆಹೊಲದವನೂ ಉಣ್ಣಬೇಕಾಯಿತೆಂಬುದು ನಿಶ್ಚಯ.

ದಾಸೋಹವೆಂದರೆ ಉಂಡು ಮಿಕ್ಕುದನ್ನು ಕೊಡುವುದಲ್ಲ. ತನ್ನ ಪಾಲಿನಲ್ಲಿಯೇ ಅನ್ಯರ ಪಾಲನ್ನು ಮೊದಲು ತೆಗೆದಿರಿಸುವುದು. ಆ ಐದು ಸಾಲು ನೆರೆಯವರ ಪಾಲು. ಬೀಜ ಕೊಡುವವನು ನಿಜವನ್ನು ಮುಚ್ಚಬಾರದು. ತಿಳಿದು ಬಿತ್ತುವವನು ಆ ಪಾಲನ್ನು ಅಪಹರಿಸಬಾರದು. ಕಾನೂನಿನ ಕಣ್ಣು ಪ್ರತಿ ಹೊಲಕ್ಕೂ ಬಾರದು. ಅಲ್ಲಿ ಕಾಯುವುದು ಸದ್ಭಕ್ತನ ಆಚಾರವೊಂದೇ.