ಶಾಸ್ತ್ರದಾನ ಯಾರಿಗೆ?

ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಕರ್ನಾಟಕದ ಜೈನರಲ್ಲಿ ವಿಶೇಷ ಗೌರವವಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಇಂದಿಗೂ ನೆನೆಯುತ್ತೇವೆ. ಆ ಪ್ರತಿಗಳನ್ನು ಓದಲು ಕಣ್ಣು ಬೇಕಿತ್ತು. ಆಗ ಬೇರೆ ದಾರಿಯಿರಲಿಲ್ಲ. ಈಗ ಇದೆ. ಹೀಗಿರುವಾಗ ದೃಷ್ಟಿಹೀನ ಶ್ರಾವಕನಿಗೆ ನಿಲುಕದ ರೂಪದಲ್ಲಿ ಮಾತ್ರ ಗ್ರಂಥವನ್ನು ಹಂಚಿದರೆ ಶಾಸ್ತ್ರದಾನ ಪೂರ್ಣವಾಯಿತೆ?

ಗಣಕಯಂತ್ರದ ತೆರೆಯ ಮೇಲಿನ ಅಕ್ಷರವನ್ನು ಧ್ವನಿಯಾಗಿಸುವ ತಂತ್ರಾಂಶಗಳು ಹಲವಿವೆ. ಅವುಗಳಲ್ಲೊಂದಾದ ಎನ್‌ವಿಡಿಎಯನ್ನು ಸ್ವತಃ ದೃಷ್ಟಿಹೀನರಾದ ಆಸ್ಟ್ರೇಲಿಯದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದರು. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಮೊಬೈಲುಗಳಲ್ಲಿಯೂ ಇಂಥ ಸೌಲಭ್ಯವುಂಟು. ಆದರೆ ನಮ್ಮ ಗ್ರಂಥಗಳನ್ನು ಬಹುಮಟ್ಟಿಗೆ ಪುಟಗಳ ಚಿತ್ರ ತೆಗೆದು ಅಂತರಜಾಲಕ್ಕೆ ಏರಿಸಲಾಗುತ್ತದೆ. ಅಕ್ಷರವನ್ನು ಗುರುತಿಸುವ ಇನ್ನೊಂದು ತಂತ್ರಾಂಶದ ನೆರವಿಲ್ಲದೆ ಚಿತ್ರದ ಮುಂದೆ ಆ ಯಂತ್ರ ಮೂಕ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಜೋಡಿಸಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೇಳಿಬರುತ್ತವೆ.

ಮನೆಯವರು ಓದಿ ಹೇಳಿದರೆ ಸಾಲದೆ ಎನ್ನಬಹುದು. ಓದಿ ಹೇಳುವುದು ಪುಣ್ಯಕಾರ್ಯವೇ. ಆದರೆ ಸ್ವಾಧ್ಯಾಯವು ಅಂತರಂಗ ತಪಸ್ಸುಗಳಲ್ಲೊಂದು. ವಾಚನೆಯ ಜೊತೆಗೆ ಅನುಪ್ರೇಕ್ಷೆಯೂ ಅದರ ಅಂಗ. ಸಂದೇಹ ಬಂದಲ್ಲಿ ನಿಲ್ಲಬೇಕು, ಹಿಂದಿನ ಪುಟಕ್ಕೆ ಮರಳಬೇಕು, ನಿದ್ರೆ ಬಾರದ ರಾತ್ರಿಯಲ್ಲಿ ಒಂದು ಅಧ್ಯಾಯ ತೆರೆಯಬೇಕು. ಮಗನ ಬಿಡುವು ನೋಡಿ, ಸೊಸೆಯ ಮುಖಭಾವವನ್ನು ದನಿಯಲ್ಲಿಯೇ ಊಹಿಸಿ ಕೇಳುವ ಹಿರಿಯರಿಗೆ ಇದು ಎಷ್ಟು ಸಾಧ್ಯ?

ಇನ್ನು ಕರ್ಮಸಿದ್ಧಾಂತವನ್ನು ಮುಂದಿಡುವವರಿದ್ದಾರೆ: ಅದು ಅವರವರ ಕರ್ಮದ ಉದಯ, ಅನುಭವಿಸಿಯೇ ತೀರಬೇಕು ಎಂದು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಭಗವಾನ್ ಮಹಾವೀರರ ಹೆಸರಿನಲ್ಲಿ 1975ರಲ್ಲಿ ಜೈಪುರದಲ್ಲಿ ಸ್ಥಾಪಿತವಾದ ವಿಕಲಾಂಗ ಸಹಾಯತಾ ಸಮಿತಿ ಕೃತಕ ಕಾಲು ಜೋಡಿಸುವಾಗ ಯಾರ ಪೂರ್ವಭವವನ್ನೂ ವಿಚಾರಿಸುವುದಿಲ್ಲ. ಮೇಲಾಗಿ, ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಜ್ಞಾನಾವರಣ, ದರ್ಶನಾವರಣ ಕರ್ಮಗಳ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಜ್ಞಾನಕ್ಕೆ ಅಡ್ಡಿಯಾಗುವುದನ್ನೂ ಸೇರಿಸಿದೆ. ಆತನ ಕರ್ಮದ ಲೆಕ್ಕ ಆತನದು; ಅಡ್ಡಿಯ ಲೆಕ್ಕ ನಮ್ಮದು. ತಿಳಿಯದೆ ಮಾಡಿದ್ದು ಬೇರೆ. ತಿಳಿದ ಮೇಲೂ ಹಾಗೆಯೇ ಮುಂದುವರಿದರೆ ಅದನ್ನು ಪ್ರಮಾದವೆನ್ನದೆ ಬೇರೇನೆನ್ನಬೇಕು?

ಯಂತ್ರದ ದನಿಯಿಂದ ಜಿನವಾಣಿ ಕೇಳುವುದು ಅವಿನಯವೆಂಬ ಅಳುಕು ಇದಕ್ಕಿಂತ ಪ್ರಾಮಾಣಿಕವಾದುದು. ಇಂಥ ಅಳುಕು ಹೊಸತಲ್ಲ. ಅಚ್ಚುಯಂತ್ರದ ಕಾಲದಲ್ಲಿಯೂ ಇತ್ತು. ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದವು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾದಾಗ ಅವುಗಳ ಪಾವಿತ್ರ್ಯ ಕುಂದಲಿಲ್ಲ, ಓದುವವರು ಹೆಚ್ಚಿದರು. ಅಲ್ಲದೆ ಓಲೆಗೆ ಇಳಿಯುವ ಮೊದಲು ಶ್ರುತವು ಕಿವಿಯಿಂದ ಕಿವಿಗೇ ಬಂದದ್ದು.

ಟ್ರಸ್ಟಿನವರಿಗೆ ಇದು ದೊಡ್ಡ ವೆಚ್ಚವಲ್ಲ. ಬಿಡುಗಡೆ ಸಮಾರಂಭದ ಶಾಲು-ಹಾರಗಳಿಗೆ ಇದಕ್ಕಿಂತ ಹೆಚ್ಚು ಹೋಗುತ್ತದೆ. ಹೊಸ ಗ್ರಂಥವನ್ನು ಯೂನಿಕೋಡಿನಲ್ಲಿಯೇ ಜೋಡಿಸುವಂತೆ ಮುದ್ರಕರಿಗೆ ಹೇಳಬೇಕು. ಹಳೆಯ ಕಡತಗಳನ್ನು ಪರಿವರ್ತಿಸುವ ತಂತ್ರಾಂಶಗಳಿವೆ. ಆದರೆ ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದುಂಟು, ಕರಡು ತಿದ್ದುವವರು ಬೇಕು. ಕನ್ನಡದ ಯಂತ್ರಧ್ವನಿ ಪ್ರಾಕೃತ ಗಾಹೆಗಳಲ್ಲಿ ಎಡವುತ್ತದೆ. ಅವನ್ನು ಬಲ್ಲವರಿಂದ ಓದಿಸಿ ಧ್ವನಿಮುದ್ರಿಸುವುದು ಲೇಸು. ಬಿಡುಗಡೆಗೆ ಮುನ್ನ ಊರಿನ ದೃಷ್ಟಿಹೀನ ಓದುಗರೊಬ್ಬರು ಕಡತವನ್ನು ಆದಿಯಿಂದ ಅಂತ್ಯದವರೆಗೆ ಕೇಳಿ, ಎಲ್ಲೆಲ್ಲಿ ತೊಡಕಿದೆಯೆಂದು ಗುರುತು ಹಾಕಿಕೊಡಲಿ. ಅವರ ಶ್ರಮಕ್ಕೆ ಉಳಿದ ಕರಡುತಿದ್ದುವವರಂತೆಯೇ ಸಂಭಾವನೆ ಸಲ್ಲಲಿ.