ಕೇಳಲಾರದ ಕಂದನ ಕಣ್ಣು

ಅಂಧ ಬಾರ್ತಿಮಾಯನನ್ನು ಗುಣಪಡಿಸುವ ಮುನ್ನ ಪ್ರಭು ಯೇಸು ಅವನ ಇಷ್ಟವನ್ನು ಕೇಳಿದರು. ಮಾತು ಬಾರದ ಹಸುಗೂಸಿನ ಇಷ್ಟವನ್ನು ಹೇಳಬೇಕಾದವರು ಯಾರು?

ಎರಡು ಕಿಲೋಗಿಂತ ಕಡಿಮೆ ತೂಕದೊಡನೆ ಅವಧಿಗೆ ಮುನ್ನ ಹುಟ್ಟಿದ ಮಗುವಿನ ಅಕ್ಷಿಪಟದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆಯಬಹುದು. ಹೊರಗೆ ಕಣ್ಣು ಹೊಳೆಯುತ್ತಲೇ ಇರುತ್ತದೆ, ಹೆತ್ತವಳಿಗೂ ತಿಳಿಯದು. 30 ದಿನಗಳೊಳಗೆ ಪರೀಕ್ಷೆಯಾಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋದರು; ಚಿತ್ರಗಳನ್ನು ದೂರದ ವೈದ್ಯರು ನೋಡಿದರು. ಬೇನೆ ಬಲಿತಿದ್ದರೆ ಲೇಸರ್ ಕಿರಣವು ಅಕ್ಷಿಪಟದ ಅಂಚನ್ನು ಸುಟ್ಟು ನಡುವಿನ ನೋಟವನ್ನು ಉಳಿಸುತ್ತದೆ. ಅಂಚಿನ ನೋಟ ಸ್ವಲ್ಪ ಕುಗ್ಗಬಹುದು. ಅದಕ್ಕೆ ಒಪ್ಪಬೇಕಾದವರು ತಂದೆತಾಯಿ.

ಹ್ಯಾಂಡ್‌ಪೋಸ್ಟಿನಲ್ಲಿ ಮೈಸೂರಿನ ಬಸ್ಸಿಗೆ ಕಾಯುವ ಬಡ ತಾಯಿಗೆ ಅಂದಿನ ಕೂಲಿ ತಪ್ಪುತ್ತದೆ. ಬಾಣಂತಿ ಹೊಸಿಲು ದಾಟಬಾರದೆಂದು ಹಿರಿಯರು ಗದರುತ್ತಾರೆ. ಹೋಗದಿದ್ದರೆ ಅವಳನ್ನು ದೂರುವುದು ಸುಲಭ, ನಾನಂತೂ ದೂರಲಾರೆ. ಆ ದಿನ ಅವಳ ಜೊತೆಗೆ ಬಸ್ಸು ಹತ್ತುವವರು ನಮ್ಮಲ್ಲಿ ಯಾರಿದ್ದೀರಿ?